ವಿಶಾಖಪಟ್ಟಣದ ಡೇಟಾ ಸೆಂಟರ್: 22 ಸಾವಿರ ಕೋಟಿಯ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆಗಳು

2025ರ ಅಕ್ಟೋಬರ್ 14ರಂದು ಗೂಗಲ್ ದೆಹಲಿಯಲ್ಲಿ ಮಾಡಿದ ಘೋಷಣೆಯ ಬಿಸಿ ಹೆಚ್ಚು ತಟ್ಟಿದ್ದು ಬೆಂಗಳೂರಿಗೆ. ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್, ಅಂದರೆ ಸುಮಾರು 1.3 ಲಕ್ಷ ಕೋಟಿ ರೂಪಾಯಿ ಹೂಡಿಕೆ. ಆಂಧ್ರಪ್ರದೇಶದ ವಿಶಾಖಪಟ್ಟಣದಲ್ಲಿ 1 ಗಿಗಾವಾಟ್ ಪ್ರಮಾಣದ ಡೇಟಾ ಸೆಂಟರ್. ಜೊತೆಗೆ ಸಮುದ್ರದಡಿಯ ಇಂಟರ್‌ನೆಟ್ ಕೇಬಲ್‌ಗಳು ದಡ ಮುಟ್ಟುವ ಕೇಂದ್ರ. ಪಾಲುದಾರರು ಅದಾನಿಕಾನೆಕ್ಸ್ ಮತ್ತು ಏರ್‌ಟೆಲ್. ದೇಶದ ಐಟಿ ರಾಜಧಾನಿ ಎಂದು ಕರೆಸಿಕೊಳ್ಳುವ ಊರನ್ನು ಬಿಟ್ಟು ಗೂಗಲ್ ಪಕ್ಕದ ರಾಜ್ಯದ ಬಂದರು ನಗರಕ್ಕೆ ಹೋಗಿದ್ದೇಕೆ ಎಂಬ ಪ್ರಶ್ನೆ ಮಾರನೇ ದಿನದಿಂದಲೇ ಶುರುವಾಯಿತು.

ಈ ಯೋಜನೆಗಾಗಿ ಆಂಧ್ರ 22,000 ಕೋಟಿ ರೂ. ಮೌಲ್ಯದ ರಿಯಾಯಿತಿ ಕೊಟ್ಟಿದೆ ಎಂದರು ಕರ್ನಾಟಕದ ಐಟಿ-ಬಿಟಿ ಸಚಿವ ಪ್ರಿಯಾಂಕ್ ಖರ್ಗೆ. ಜಮೀನು ಮತ್ತು ನೀರಿನ ದರದಲ್ಲಿ ಕಡಿತ, ವಿದ್ಯುತ್ ವಿನಾಯಿತಿ, ರಾಜ್ಯದ ಪಾಲಿನ ಜಿಎಸ್‌ಟಿ ವಾಪಸ್ ಎಂದು ಪಟ್ಟಿಯನ್ನೂ ಕೊಟ್ಟರು. ನಾವು ಹೀಗೆ ಮಾಡಿದ್ದರೆ ರಾಜ್ಯವನ್ನು ದಿವಾಳಿ ಮಾಡುತ್ತಿದ್ದೀರಿ ಎಂಬ ಟೀಕೆ ಬರುತ್ತಿತ್ತು ಎಂಬುದು ಅವರ ವಾದ. ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ಕೊಟ್ಟ ತಿರುಗೇಟು ಎಲ್ಲರಿಗೂ ನೆನಪಿದೆ: ಆಂಧ್ರದ ಊಟ ಖಾರ ಅನ್ನುತ್ತಾರೆ, ನಮ್ಮ ಹೂಡಿಕೆಗಳೂ ಹಾಗೇ ಇರುವಂತಿದೆ, ನೆರೆಯವರಿಗೆ ಆಗಲೇ ಉರಿ ತಾಗಿದೆ ಎಂದು.

ಜಗಳ ಚೆನ್ನಾಗಿತ್ತು. ಆದರೆ ಇಬ್ಬರೂ ಚರ್ಚಿಸಿದ್ದು ಬೆಲೆಯನ್ನು. ಕೊಳ್ಳುತ್ತಿರುವ ವಸ್ತು ಯಾವುದು, ಅದು ಏನು ತಿನ್ನುತ್ತದೆ, ಏನು ಕುಡಿಯುತ್ತದೆ, ಬಿರುಗಾಳಿ ಬಂದರೆ ಏನಾಗುತ್ತದೆ ಎಂಬ ಮಾತು ಬಹಳ ಕಡಿಮೆ ಬಂತು. 22,000 ಕೋಟಿ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ ಮೊದಲು ಈ ಯಂತ್ರ ಹೇಗೆ ಓಡುತ್ತದೆ ಎಂದು ನೋಡಬೇಕು. ನಾಳೆ ಇಂಥದ್ದೇ ಪ್ರಸ್ತಾವ ನಮ್ಮ ರಾಜ್ಯಕ್ಕೂ ಬರಬಹುದು, ಆಗ ನಾವು ಏನು ಕೇಳಬೇಕು ಎಂಬುದೂ ಇದರಲ್ಲೇ ಅಡಗಿದೆ.

ಕ್ಲೌಡ್ ಅಲ್ಲ, ಕಾರ್ಖಾನೆ

ಡೇಟಾ ಸೆಂಟರ್ ಎಂದರೆ ಕಂಪ್ಯೂಟರ್‌ಗಳನ್ನು ಬೀರುಗಳಂಥ ರ್ಯಾಕ್‌ಗಳಲ್ಲಿ ಜೋಡಿಸಿಟ್ಟ ಗೋದಾಮು ಎಂಬ ವಿವರಣೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಎಂಜಿನಿಯರ್‌ಗಳ ಕಣ್ಣಿನಲ್ಲಿ ಅದು ವಿದ್ಯುತ್ತನ್ನು ಶಾಖವಾಗಿ ಬದಲಿಸುವ ಕಾರ್ಖಾನೆ. ಒಳಗೆ ಹೋದ ಪ್ರತಿ ಯೂನಿಟ್ ವಿದ್ಯುತ್ ನಿಮ್ಮ ಯುಪಿಐ ಪಾವತಿಯನ್ನೋ, ವಿಡಿಯೋವನ್ನೋ, ಎಐ ಕೊಟ್ಟ ಉತ್ತರವನ್ನೋ ದಾಟಿಸಿ ಕೊನೆಗೆ ಬಿಸಿಯಾಗಿ ಹೊರಬರುತ್ತದೆ. ಆ ಬಿಸಿಯನ್ನು ಕ್ಷಣಕ್ಷಣವೂ ಹೊರಹಾಕದಿದ್ದರೆ ಕೆಲವೇ ನಿಮಿಷಗಳಲ್ಲಿ ಸರ್ವರ್‌ಗಳು ತಾವಾಗಿ ನಿಲ್ಲುತ್ತವೆ. ಹಾಗಾಗಿ ವಿನ್ಯಾಸದ ಮೂಲ ಪ್ರಶ್ನೆಗಳು ಎರಡೇ: ಕರೆಂಟ್ ಒಂದು ಕ್ಷಣವೂ ಹೋಗದಂತೆ ನೋಡಿಕೊಳ್ಳುವುದು ಹೇಗೆ? ಬಿಸಿಯನ್ನು ಎಲ್ಲಿಗೆ ಕಳಿಸುವುದು? ಉಳಿದದ್ದೆಲ್ಲ ಇವೆರಡರ ಬಾಲ.

ಹಿಂದೆ ಒಂದು ರ್ಯಾಕ್ 5ರಿಂದ 10 ಕಿಲೋವಾಟ್ ವಿದ್ಯುತ್ ಬಳಸುತ್ತಿತ್ತು. ಎಐಗಾಗಿ ಬಂದಿರುವ ಎನ್‌ವಿಡಿಯಾದ ಹೊಸ ರ್ಯಾಕ್‌ಗಳಲ್ಲಿ ಒಂದೊಂದೂ 120 ಕಿಲೋವಾಟ್ ಆಸುಪಾಸು ಬಳಸುತ್ತದೆ. ಅಂದರೆ ಒಂದು ಬೀರುವಿನಷ್ಟು ಜಾಗದಲ್ಲಿ 60 ಗೀಸರ್‌ಗಳನ್ನು ಹಗಲೂ ರಾತ್ರಿ ಹಚ್ಚಿಟ್ಟಂತೆ. ಈ ಬಿಸಿಗೆ ಬರೀ ಎಸಿ ಗಾಳಿ ಸಾಲುವುದಿಲ್ಲ. ಚಿಪ್‌ನ ಬೆನ್ನ ಮೇಲೆಯೇ ದ್ರವ ಹರಿಸಿ ತಂಪು ಮಾಡಬೇಕು. ವಿಶಾಖಪಟ್ಟಣದಲ್ಲಿ ಬರುವುದು ಈ ತಲೆಮಾರಿನ ಕಟ್ಟಡಗಳು. ವೈಟ್‌ಫೀಲ್ಡ್‌ನ ಹಳೆಯ ಡೇಟಾ ಸೆಂಟರ್‌ಗಳೊಂದಿಗೆ ಇವನ್ನು ಹೋಲಿಸುವುದು ಹಳ್ಳಿಯ ಹಿಟ್ಟಿನ ಗಿರಣಿಯನ್ನು ಉಕ್ಕಿನ ಕಾರ್ಖಾನೆಗೆ ಹೋಲಿಸಿದಂತೆ.

ಒಂದು ಶರಾವತಿಯಷ್ಟು ಕರೆಂಟ್

1 ಗಿಗಾವಾಟ್ ಎಂದರೆ 1,000 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವಾಟ್. ಕೈಗಾದ ನಾಲ್ಕೂ ಘಟಕ ಸೇರಿದರೆ 880. ಜೋಗದ ನೀರಿನಿಂದ ಹುಟ್ಟುವ ಅಷ್ಟೂ ವಿದ್ಯುತ್ತನ್ನು ಒಂದೇ ಗ್ರಾಹಕ ಬಳಸಿದಂತೆ ಎಂದುಕೊಳ್ಳಿ. ಅದೂ ಸಂಜೆ ಹೊತ್ತು ಮಾತ್ರವಲ್ಲ, ವರ್ಷದ 8,760 ಗಂಟೆಯೂ. ಪೂರ್ಣ ಪ್ರಮಾಣದಲ್ಲಿ ಓಡಿದರೆ ದಿನಕ್ಕೆ 2.4 ಕೋಟಿ ಯೂನಿಟ್, ವರ್ಷಕ್ಕೆ 876 ಕೋಟಿ ಯೂನಿಟ್. ಗೃಹಜ್ಯೋತಿಯ ಮಿತಿಯಾದ ತಿಂಗಳಿಗೆ 200 ಯೂನಿಟ್ ಲೆಕ್ಕದಲ್ಲಿ ಇದು 36 ಲಕ್ಷ ಮನೆಗಳ ಬಳಕೆ.

ಇಷ್ಟೂ ಹೊರೆ ಒಮ್ಮೆಗೇ ಬರುವುದಿಲ್ಲ, ಹಂತಹಂತವಾಗಿ ಏರುತ್ತದೆ ನಿಜ. ಆದರೆ ಗೂಗಲ್ ಒಂದೇ ಬರುತ್ತಿಲ್ಲ. ರಿಲಯನ್ಸ್, ಬ್ರೂಕ್‌ಫೀಲ್ಡ್ ಮತ್ತು ಡಿಜಿಟಲ್ ರಿಯಾಲ್ಟಿ ಸೇರಿ ನಡೆಸುವ ಡಿಜಿಟಲ್ ಕನೆಕ್ಷನ್ ಕಂಪನಿ ಅದೇ ನಗರದಲ್ಲಿ 400 ಎಕರೆಯಲ್ಲಿ ಇನ್ನೊಂದು 1 ಗಿಗಾವಾಟ್ ಕೇಂದ್ರ ಕಟ್ಟುವುದಾಗಿ ನವೆಂಬರ್‌ನಲ್ಲಿ ಹೇಳಿದೆ. ಹೂಡಿಕೆ 1,100 ಕೋಟಿ ಡಾಲರ್. ಅಕ್ಟೋಬರ್ 12ರಂದು ಸಿಫಿ ಕಂಪನಿಯ 50 ಮೆಗಾವಾಟ್ ಕೇಂದ್ರ ಮತ್ತು ಕೇಬಲ್ ಲ್ಯಾಂಡಿಂಗ್ ಸ್ಟೇಷನ್‌ಗೆ ಲೋಕೇಶ್ ಶಂಕುಸ್ಥಾಪನೆ ಮಾಡಿದ್ದಾರೆ. ಇಡೀ ದೇಶದ ಈಗಿನ ಡೇಟಾ ಸೆಂಟರ್ ಸಾಮರ್ಥ್ಯವೇ ಒಂದೂವರೆ ಗಿಗಾವಾಟ್‌ನ ಆಸುಪಾಸು ಇರುವಾಗ ಒಂದೇ ನಗರದಲ್ಲಿ ಅದಕ್ಕಿಂತ ಹೆಚ್ಚು ಎನ್ನುತ್ತಿದ್ದಾರೆ.

ವಿಶಾಖಪಟ್ಟಣಕ್ಕೆ ಇಲ್ಲಿ ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ಪಕ್ಕದಲ್ಲೇ ಎನ್‌ಟಿಪಿಸಿಯ 2,000 ಮೆಗಾವಾಟ್‌ನ ಸಿಂಹಾದ್ರಿ ಸ್ಥಾವರ, 1,040 ಮೆಗಾವಾಟ್‌ನ ಹಿಂದೂಜಾ ಸ್ಥಾವರ ಇವೆ. ಉಕ್ಕಿನ ಕಾರ್ಖಾನೆ, ಬಂದರು ಎಂದು ದಶಕಗಳಿಂದ ಭಾರೀ ವಿದ್ಯುತ್ ಹೊತ್ತು ಅಭ್ಯಾಸವಿರುವ ಊರು. ಆದರೆ ಅವೆರಡೂ ಕಲ್ಲಿದ್ದಲಿನವು. ಗೂಗಲ್‌ನಂಥ ಕಂಪನಿಗೆ ಹಸಿರು ವಿದ್ಯುತ್ ಬೇಕು. ಸೌರ ವಿದ್ಯುತ್ ಸೂರ್ಯ ಮುಳುಗುವಾಗ ನಿಲ್ಲುತ್ತದೆ, ಡೇಟಾ ಸೆಂಟರ್ ನಿಲ್ಲುವುದಿಲ್ಲ. ರಾತ್ರಿಯ ಹೊರೆಗೆ ಬ್ಯಾಟರಿ ಬೇಕು, ಇಲ್ಲವೇ ಹಗಲು ನೀರನ್ನು ಮೇಲೆತ್ತಿ ರಾತ್ರಿ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್ ಬೇಕು. ಆಂಧ್ರದ ಪಿನ್ನಾಪುರಂನಲ್ಲಿ ಅಂಥ ದೊಡ್ಡ ಯೋಜನೆ ಇದೆ. ನಮ್ಮಲ್ಲಿ ಅದೇ ತಂತ್ರಜ್ಞಾನದ ಹೆಸರು ಶರಾವತಿ ಪಂಪ್ಡ್ ಸ್ಟೋರೇಜ್. 2,000 ಮೆಗಾವಾಟ್‌ನ ಆ ಯೋಜನೆ ಸಿಂಗಳೀಕಗಳ ಕಾಡನ್ನು ಸೀಳುತ್ತದೆ ಎಂದು ಮಲೆನಾಡಿನಲ್ಲಿ ಹೋರಾಟ ನಡೆದಿದೆ. ಗಿಗಾವಾಟ್ ಡೇಟಾ ಸೆಂಟರ್ ನಮಗೇಕೆ ಬರಲಿಲ್ಲ ಎಂದು ಟ್ವೀಟ್ ಮಾಡುವವರು ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದುವುದು ಒಳ್ಳೆಯದು.

ಇನ್ನೊಂದು ಅಳತೆ ತಿಳಿದಿರಲಿ. ಕೇಂದ್ರಕ್ಕೆ ಬರುವ ಒಟ್ಟು ವಿದ್ಯುತ್ತನ್ನು ಕಂಪ್ಯೂಟರ್‌ಗಳು ಬಳಸುವ ವಿದ್ಯುತ್ತಿನಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಪಿಯುಇ ಎನ್ನುತ್ತಾರೆ. ಅದು 1 ಆದರೆ ತಂಪುಗೊಳಿಸಲು ಏನೂ ಖರ್ಚಾಗಿಲ್ಲ ಎಂದರ್ಥ, ಅದು ಅಸಾಧ್ಯ. ಗೂಗಲ್ ತನ್ನ ಕೇಂದ್ರಗಳ 2024ರ ಜಾಗತಿಕ ಸರಾಸರಿ 1.09 ಎನ್ನುತ್ತದೆ. ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಸಮೀಕ್ಷೆಯಲ್ಲಿ ಉದ್ಯಮದ ಸರಾಸರಿ 1.56. ದಶಮಾಂಶದ ಈ ವ್ಯತ್ಯಾಸ ಸಣ್ಣದಲ್ಲ. ಕಂಪ್ಯೂಟರ್‌ಗಳೇ 1,000 ಮೆಗಾವಾಟ್ ಬಳಸುವ ಕೇಂದ್ರದಲ್ಲಿ 1.1 ಮತ್ತು 1.5ರ ನಡುವಿನ ಅಂತರ ಎಂದರೆ 400 ಮೆಗಾವಾಟ್, ಹತ್ತಿರ ಹತ್ತಿರ ಅರ್ಧ ಕೈಗಾ. ಆದರೆ ಗೂಗಲ್‌ನ ಸರಾಸರಿಯಲ್ಲಿ ಫಿನ್‌ಲೆಂಡ್‌ನ ಚಳಿಯೂ ಸೇರಿದೆ. ಬಂಗಾಳ ಕೊಲ್ಲಿಯ ಸೆಕೆಯಲ್ಲಿ ಆ ಸಂಖ್ಯೆ ಎಷ್ಟಿರುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ನೀರಿನ ಲೆಕ್ಕ

ಬಿಸಿ ಹೊರಹಾಕಲು ಅತಿ ಅಗ್ಗದ ದಾರಿ ನೀರನ್ನು ಆವಿ ಮಾಡುವುದು. ಮಣ್ಣಿನ ಗಡಿಗೆಯ ನೀರು ತಣ್ಣಗಿರುವ ಗುಟ್ಟೇ ಕೂಲಿಂಗ್ ಟವರ್‌ನ ಗುಟ್ಟು. ಒಂದು ಯೂನಿಟ್ ವಿದ್ಯುತ್ತಿನ ಬಿಸಿಯನ್ನು ಹೀಗೆ ಕಳೆಯಲು ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ, ಉಪ್ಪಿನಂಶ ಹೆಚ್ಚಾದ ನೀರನ್ನು ಚೆಲ್ಲುವುದೂ ಸೇರಿದರೆ 1.8 ಲೀಟರ್ ಎಂಬುದು ಉದ್ಯಮದಲ್ಲಿ ಬಳಕೆಯಲ್ಲಿರುವ ಸರಾಸರಿ. ಹಾಗೆ ಲೆಕ್ಕ ಹಾಕಿದರೆ 1 ಗಿಗಾವಾಟ್‌ಗೆ ದಿನಕ್ಕೆ ಸುಮಾರು 4.3 ಕೋಟಿ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ಇದು ಮೂರು ಲಕ್ಷಕ್ಕೂ ಹೆಚ್ಚು ಜನರ ನೀರು.

ಇದು ಎಲ್ಲ ಬಿಸಿಯನ್ನೂ ಆವಿಯಿಂದಲೇ ಕಳೆದರೆ ಬರುವ ಲೆಕ್ಕ, ಮೇಲ್ಮಿತಿ. ನೀರೇ ಬಳಸದೆ ದೊಡ್ಡ ರೇಡಿಯೇಟರ್ ಮತ್ತು ಫ್ಯಾನ್‌ಗಳಿಂದ ತಂಪು ಮಾಡುವುದೂ ಸಾಧ್ಯ, ಆಗ ವಿದ್ಯುತ್ ಹೆಚ್ಚು ಬೇಕು. ನೀರು ಉಳಿಸಿದರೆ ಕರೆಂಟ್ ಖರ್ಚು, ಕರೆಂಟ್ ಉಳಿಸಿದರೆ ನೀರು ಖರ್ಚು. ಈ ತಕ್ಕಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಕಂಪನಿಯೊಂದೇ ತೀರ್ಮಾನಿಸಿದರೆ ಅದು ಅಗ್ಗವಾಗಿರುವ ಕಡೆಗೇ ವಾಲುತ್ತದೆ. ನೀರಿನ ದರದಲ್ಲಿ ರಿಯಾಯಿತಿ ಕೊಡುವುದೆಂದರೆ ಸರ್ಕಾರವೇ ತಕ್ಕಡಿಯನ್ನು ನೀರಿನ ಕಡೆಗೆ ಒತ್ತಿದಂತೆ. 22,000 ಕೋಟಿಯ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಚಿಂತೆಯ ವಿಷಯವಾಗಿ ಕಂಡಿದ್ದು ಇದು. ಜಿಎಸ್‌ಟಿ ವಾಪಸ್ ಹಣದ ವಿಷಯ ಮಾತ್ರ, ನೀರಿನ ರಿಯಾಯಿತಿ ವಿನ್ಯಾಸವನ್ನೇ ಬದಲಿಸುತ್ತದೆ.

ವಿಶಾಖಪಟ್ಟಣದಲ್ಲಿ ಈ ಪ್ರಶ್ನೆ ಯಾಕೆ ಸೂಕ್ಷ್ಮ ಎಂದರೆ, ಆ ನಗರ ಕುಡಿಯುವ ನೀರಿಗೆ ಮೇಘಾದ್ರಿಗೆಡ್ಡ, ರೈವಾಡ, ತಾಟಿಪೂಡಿ, ಮುಡಸರ್ಲೋವದಂಥ ಜಲಾಶಯಗಳನ್ನೂ ದೂರದಿಂದ ಬರುವ ಏಲೇರು ಕಾಲುವೆಯನ್ನೂ ನೆಚ್ಚಿದೆ. ಏಲೇರು ನೀರಿಗೆ ಉಕ್ಕಿನ ಕಾರ್ಖಾನೆಯೂ ಪಾಲುದಾರ. ಗೂಗಲ್ ಯೋಜನೆಗೆ ಗುರುತಿಸಿದ 480 ಎಕರೆ ಮೂರು ಕಡೆ ಹಂಚಿಹೋಗಿದೆ: ತರ್ಲುವಾಡ, ಅಡವಿವರಂ-ಮುಡಸರ್ಲೋವ ಮತ್ತು ರಾಂಬಿಲ್ಲಿ. ಎರಡನೆಯದರ ಹೆಸರಿನಲ್ಲೇ ಕುಡಿಯುವ ನೀರಿನ ಜಲಾಶಯವಿದೆ. ನಗರಪಾಲಿಕೆ 2018ರಲ್ಲಿ ಆ ಜಲಾಶಯದ ಮೇಲೆ 2 ಮೆಗಾವಾಟ್‌ನ ತೇಲುವ ಸೌರ ಘಟಕ ಕೂರಿಸಿ ದೇಶದ ಗಮನ ಸೆಳೆದಿತ್ತು. ನೀರು ಮತ್ತು ವಿದ್ಯುತ್ತಿನ ಲೆಕ್ಕವನ್ನು ಬಹಿರಂಗಪಡಿಸಿ ಎಂದು ಮಾನವ ಹಕ್ಕುಗಳ ವೇದಿಕೆಯಂಥ ಸಂಘಟನೆಗಳು ಕೇಳಿರುವುದು ಅಭಿವೃದ್ಧಿ ವಿರೋಧವಲ್ಲ, ಸಹಜವಾದ ಪ್ರಶ್ನೆ.

ಉತ್ತರ ಆ ಊರಿನಲ್ಲೇ ಇದೆ ಎಂಬುದು ವಿಶೇಷ. ಸಿಂಹಾದ್ರಿ ಸ್ಥಾವರ ತನ್ನ ಕೂಲಿಂಗ್ ಟವರ್‌ಗಳಿಗೆ ಸಮುದ್ರದ ನೀರನ್ನೇ ಬಳಸುತ್ತದೆ. ಗೂಗಲ್ ಕೂಡ ಫಿನ್‌ಲೆಂಡ್‌ನ ಹಮೀನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯೊಂದನ್ನು ಕೊಂಡು, ಅದರ ಸುರಂಗದಲ್ಲಿ ಬರುವ ಸಮುದ್ರದ ನೀರಿನಿಂದ 2011ರಿಂದ ಡೇಟಾ ಸೆಂಟರ್ ತಂಪು ಮಾಡುತ್ತಿದೆ. ಬಾಲ್ಟಿಕ್ ಸಮುದ್ರದ ತಣ್ಣನೆಯ ನೀರು ಬಂಗಾಳ ಕೊಲ್ಲಿಯಲ್ಲಿ ಸಿಗುವುದಿಲ್ಲ, ಉಪ್ಪು ಪೈಪುಗಳನ್ನು ತಿನ್ನುತ್ತದೆ, ಬಿಸಿನೀರನ್ನು ಹಿಂದೆ ಬಿಟ್ಟರೆ ಮೀನುಗಾರರಿಗೆ ತೊಂದರೆ. ಹಾಗಿದ್ದೂ ಅಸಾಧ್ಯವೇನಲ್ಲ. ಇನ್ನೊಂದು ದಾರಿ ಸಂಸ್ಕರಿಸಿದ ಕೊಳಚೆ ನೀರು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಿದ ಅನುಭವ ನಮಗೇ ಇದೆ. ಸರ್ಕಾರ ಒತ್ತಿದರೆ ಕಂಪನಿ ವಿನ್ಯಾಸ ಬದಲಿಸುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಉರುಗ್ವೆಯಲ್ಲಿ 2023ರ ಭೀಕರ ಬರದ ಹೊತ್ತಿಗೆ ಗೂಗಲ್‌ನ ಯೋಜಿತ ಕೇಂದ್ರ ದಿನಕ್ಕೆ 76 ಲಕ್ಷ ಲೀಟರ್ ಕುಡಿಯುವ ನೀರು ಬಳಸಲಿದೆ ಎಂಬ ಸಂಗತಿ ಹೊರಬಂತು. ಜನ ಬೀದಿಗಿಳಿದರು. ಕಂಪನಿ ಯೋಜನೆಯನ್ನು ಚಿಕ್ಕದು ಮಾಡಿ, ಗಾಳಿಯಿಂದ ತಂಪು ಮಾಡುವ ವಿನ್ಯಾಸಕ್ಕೆ ಬದಲಾಯಿಸಿತು.

ಹುದ್‌ಹುದ್‌ನ ನೆನಪು

ಸಿಫಿ ಕೇಂದ್ರಕ್ಕೆ ಶಂಕುಸ್ಥಾಪನೆಯಾದ ಅಕ್ಟೋಬರ್ 12, ವಿಶಾಖಪಟ್ಟಣದವರು ಬೇರೆ ಕಾರಣಕ್ಕೆ ಮರೆಯದ ದಿನಾಂಕ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ಆ ನಗರದ ಮೇಲೇ ಅಪ್ಪಳಿಸಿತು. ಗಂಟೆಗೆ 180 ಕಿ.ಮೀ. ಮೀರಿದ ಗಾಳಿ. ವಿಮಾನ ನಿಲ್ದಾಣದ ಚಾವಣಿ ಹಾರಿತು, ವಿದ್ಯುತ್ ಗೋಪುರಗಳು ಮಡಚಿಕೊಂಡವು, ಮೊಬೈಲ್ ಜಾಲ ಸತ್ತುಹೋಯಿತು. ಕರೆಂಟ್ ಪೂರ್ತಿ ಮರಳಲು ದಿನಗಳೇ ಹಿಡಿದವು. ಆಗಿನ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅಲ್ಲೇ ಬೀಡುಬಿಟ್ಟು ಪರಿಹಾರ ಕಾರ್ಯ ನೋಡಿಕೊಂಡರು. ಈಗ ಡೇಟಾ ಸೆಂಟರ್‌ಗಳನ್ನು ಕರೆತರುತ್ತಿರುವವರೂ ಅವರೇ, ಹಾಗಾಗಿ ಈ ಅಪಾಯ ಅವರಿಗೆ ಗೊತ್ತಿಲ್ಲದ್ದಲ್ಲ.

ಡೇಟಾ ಸೆಂಟರ್‌ಗೆ ಕರೆಂಟ್ ಹೋದಾಗ ಏನಾಗುತ್ತದೆ? ಮೊದಲ ಕ್ಷಣ ಯುಪಿಎಸ್ ಬ್ಯಾಟರಿಗಳು ಹೊರೆ ಹೊರುತ್ತವೆ. ಅವು ಐದಾರು ನಿಮಿಷ ಹಿಡಿದಿಟ್ಟರೆ ಸಾಕು, ಅಷ್ಟರೊಳಗೆ ಡೀಸೆಲ್ ಜನರೇಟರ್‌ಗಳು ಎದ್ದು ನಿಲ್ಲಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎಲ್ಲವನ್ನೂ ಜೋಡಿಯಾಗಿ ಇಡುವ ಮಟ್ಟಕ್ಕೆ ಅನುಗುಣವಾಗಿ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ 1ರಿಂದ 4ರವರೆಗೆ ಟೈರ್ ದರ್ಜೆ ಕೊಡುತ್ತದೆ. ಟೈರ್-3 ಕೇಂದ್ರ ವರ್ಷಕ್ಕೆ ಸುಮಾರು ಒಂದೂವರೆ ಗಂಟೆ, ಟೈರ್-4 ಕೇಂದ್ರ ಅರ್ಧ ಗಂಟೆಗಿಂತ ಕಡಿಮೆ ನಿಲ್ಲಬಹುದು ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಈ ಮಾನದಂಡ ಕೇಳುವ ಕನಿಷ್ಠ ಇಂಧನ ದಾಸ್ತಾನು 12 ಗಂಟೆಗಳದ್ದು.

ಹುದ್‌ಹುದ್‌ನಂಥ ಪರಿಸ್ಥಿತಿಗೆ 12 ಗಂಟೆ ಯಾವ ಮೂಲೆಗೆ? ಒಂದು ಯೂನಿಟ್‌ಗೆ ಕಾಲು ಲೀಟರ್ ಡೀಸೆಲ್ ಎಂದಿಟ್ಟುಕೊಂಡರೂ 1 ಗಿಗಾವಾಟ್ ಕೇಂದ್ರವನ್ನು ಒಂದು ದಿನ ಓಡಿಸಲು 60 ಲಕ್ಷ ಲೀಟರ್ ಬೇಕು. 20,000 ಲೀಟರ್‌ನ 300 ಟ್ಯಾಂಕರ್‌ಗಳು, ಮರಗಳು ಉರುಳಿ ಬಿದ್ದ ರಸ್ತೆಯಲ್ಲಿ, ಪ್ರತಿದಿನ. ಅದಕ್ಕೇ ಇಷ್ಟು ದೊಡ್ಡ ಕೇಂದ್ರಗಳು ಇಡೀ ಹೊರೆಯನ್ನು ಡೀಸೆಲ್‌ನಲ್ಲಿ ಹೊರುವ ಆಸೆ ಇಟ್ಟುಕೊಳ್ಳುವುದಿಲ್ಲ. ಎಐ ಮಾದರಿಗಳಿಗೆ ತರಬೇತಿ ಕೊಡುವ ಕೆಲಸವನ್ನು ನಿಲ್ಲಿಸಿ, ಅರ್ಧಕ್ಕೆ ಉಳಿದದ್ದನ್ನು ಮತ್ತೆ ಮುಂದುವರಿಸಬಹುದು. ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಸೇವೆಯನ್ನು ಹಾಗೆ ನಿಲ್ಲಿಸಲಾಗದು. ವಿಶಾಖಪಟ್ಟಣದಂಥ ಕಡಲೂರಿಗೆ ಮೊದಲ ಬಗೆಯ ಕೆಲಸ ಹೊಂದುತ್ತದೆ. ಎರಡನೆಯ ಬಗೆಯದನ್ನು ಇಡುವುದಾದರೆ ಇನ್ನೊಂದು ಪ್ರತಿ ಬೇರೆಲ್ಲೋ ಇರಲೇಬೇಕು.

ವಿಜಯವಾಡ ಜೋಡಿಯಾಗಬಲ್ಲದೇ?

ಆ ಬೇರೆಲ್ಲೋ ಎಂಬುದಕ್ಕೆ ಆಂಧ್ರದಲ್ಲಿ ಸಹಜವಾಗಿ ಬರುವ ಹೆಸರು ವಿಜಯವಾಡ. ಗೂಗಲ್‌ಗೂ ಮುಂಚೆ ರಾಜ್ಯದ ಡೇಟಾ ಸೆಂಟರ್ ಕನಸು ಶುರುವಾಗಿದ್ದೇ ಆ ಕಡೆ. ವಿಜಯವಾಡದ ಹೊರವಲಯದ ಮಂಗಳಗಿರಿಯಲ್ಲಿ ಪೈ ಡೇಟಾ ಸೆಂಟರ್ 2018ರಲ್ಲಿ ಆರಂಭವಾಯಿತು, ಟೈರ್-4 ದರ್ಜೆಯದು ಎಂಬ ಹೆಗ್ಗಳಿಕೆಯೊಂದಿಗೆ. ವಿಶಾಖಪಟ್ಟಣದ್ದು ಹೆಚ್ಚು ಏರಿಳಿತದ ಕತೆ. 2019ರ ಜನವರಿಯಲ್ಲಿ ಅದಾನಿ ಗುಂಪು ಅಲ್ಲಿ 70,000 ಕೋಟಿ ರೂ. ಹೂಡುವ ಒಪ್ಪಂದ ಮಾಡಿಕೊಂಡಿತು. ಸರ್ಕಾರ ಬದಲಾಯಿತು, ಯೋಜನೆ ಕುಗ್ಗಿತು. 2023ರ ಮೇ 3ರಂದು ಜಗನ್ ಮೋಹನ್ ರೆಡ್ಡಿ 300 ಮೆಗಾವಾಟ್‌ನ ಕೇಂದ್ರಕ್ಕೆ ಶಂಕುಸ್ಥಾಪನೆ ಮಾಡಿದರು, ಹೂಡಿಕೆ 21,844 ಕೋಟಿ ಎಂದರು. ಈಗ ಅದೇ ಗುಂಪು ಗೂಗಲ್‌ನ ಪಾಲುದಾರ. ಶಂಕುಸ್ಥಾಪನೆಗಳ ಸಂಖ್ಯೆಯಲ್ಲಿ ವಿಶಾಖಪಟ್ಟಣ ಎಂದೂ ಹಿಂದೆ ಬಿದ್ದಿಲ್ಲ.

ಎರಡೂ ನಗರಗಳ ನಡುವೆ ಸುಮಾರು 350 ಕಿ.ಮೀ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹೋಗಿ ಬರಲು ಮೂರೂವರೆ ಮಿಲಿಸೆಕೆಂಡ್ ಸಾಕು. ಕೇಳಲು ಏನೂ ಅಲ್ಲ. ಆದರೆ ಬ್ಯಾಂಕ್ ವ್ಯವಹಾರವೊಂದನ್ನು ಎರಡೂ ಕಡೆ ಏಕಕಾಲಕ್ಕೆ ಬರೆದ ನಂತರವೇ ಸರಿ ಎನ್ನುವ ಪದ್ಧತಿಗೆ ಸಾಮಾನ್ಯವಾಗಿ 100 ಕಿ.ಮೀ. ಒಳಗಿನ ದೂರವನ್ನೇ ಆರಿಸುತ್ತಾರೆ. ದೂರ ಹೆಚ್ಚಿದಂತೆ ಪ್ರತಿ ವ್ಯವಹಾರವೂ ಅಷ್ಟು ನಿಧಾನ. ಹಾಗಾಗಿ 350 ಕಿ.ಮೀ. ಆಚೆಯ ಕೇಂದ್ರ ಕೆಲವು ಕ್ಷಣ ಹಿಂದುಳಿದ ಪ್ರತಿಯಾಗಿ ಇರುತ್ತದೆ. ಮೊದಲ ಕೇಂದ್ರ ಮುಳುಗಿದರೆ ಕೊನೆಯ ಕೆಲವು ಕ್ಷಣಗಳ ಲೆಕ್ಕ ಕಳೆಯಬಹುದು, ಉಳಿದದ್ದು ಉಳಿಯುತ್ತದೆ. ಬಹುಪಾಲು ಸೇವೆಗಳಿಗೆ ಇದು ಒಪ್ಪುವ ರಾಜಿ.

ನಿಜವಾದ ತೊಡಕು ದೂರದ್ದಲ್ಲ, ಹವಾಮಾನದ್ದು. ಎರಡು ಕೇಂದ್ರಗಳನ್ನು ಜೋಡಿಸುವಾಗ ಒಂದೇ ಪೆಟ್ಟಿಗೆ ಎರಡೂ ಬೀಳಬಾರದು ಎಂಬುದು ಮೊದಲ ನಿಯಮ. ಗೂಗಲ್ ಘೋಷಣೆಯಾಗಿ ಎರಡೇ ವಾರಕ್ಕೆ, ಅಕ್ಟೋಬರ್ 28ರ ರಾತ್ರಿ, ಮೊಂಥಾ ಚಂಡಮಾರುತ ಈ ಎರಡು ನಗರಗಳ ನಡುವಿನ ಕರಾವಳಿಯಲ್ಲಿ ದಡ ಹತ್ತಿತು. ಎರಡೂ ಕಡೆ ಒಂದೇ ಹೊತ್ತಿಗೆ ಮಳೆ, ಎರಡೂ ಕಡೆ ಕಟ್ಟೆಚ್ಚರ. ಜೊತೆಗೆ ಎರಡೂ ಒಂದೇ ರಾಜ್ಯದ ವಿದ್ಯುತ್ ಜಾಲದ ಮೇಲಿವೆ.

ವಿಜಯವಾಡಕ್ಕೆ ತನ್ನದೇ ಅಪಾಯವೂ ಇದೆ. 2024ರ ಸೆಪ್ಟೆಂಬರ್ ಮೊದಲ ವಾರ ಕೃಷ್ಣಾ ನದಿಯ ಪ್ರಕಾಶಂ ಬ್ಯಾರೇಜ್‌ನಲ್ಲಿ 11 ಲಕ್ಷ ಕ್ಯೂಸೆಕ್ ಮೀರಿ ದಾಖಲೆಯ ಪ್ರವಾಹ ಹರಿಯಿತು. ಆದರೆ ನಗರವನ್ನು ಮುಳುಗಿಸಿದ್ದು ದೊಡ್ಡ ನದಿಯಲ್ಲ, ಬುಡಮೇರು ಎಂಬ ಹಳ್ಳ. ಸಿಂಗ್‌ನಗರದ ಬಡಾವಣೆಗಳಲ್ಲಿ ಜನ ದಿನಗಟ್ಟಲೆ ನೀರಿನ ನಡುವೆ ಸಿಕ್ಕಿಕೊಂಡರು. ಮಂಗಳಗಿರಿ ಇರುವುದು ನದಿಯ ಆಚೆ ದಡದಲ್ಲಿ. ಹಾಗಿದ್ದೂ ಪಾಠ ಒಂದೇ: ಡೇಟಾ ಸೆಂಟರ್ ಕಟ್ಟಡದೊಳಗೆ ನೀರು ನುಗ್ಗಬೇಕೆಂದೇನಿಲ್ಲ. ಸುತ್ತಲ ರಸ್ತೆ ಮುಳುಗಿದರೆ ಡೀಸೆಲ್ ಬರುವುದಿಲ್ಲ, ಪಾಳಿ ಬದಲಿಸುವ ಸಿಬ್ಬಂದಿ ಬರುವುದಿಲ್ಲ, ಅಷ್ಟು ಸಾಕು. ಇನ್ನು ಬೇಸಿಗೆಯ ಸಂಗತಿ ಬೇರೆ. 45 ಡಿಗ್ರಿ ಮುಟ್ಟುವ ಆ ಊರನ್ನು ಅಲ್ಲಿನವರೇ ಬ್ಲೇಜ್‌ವಾಡ ಎಂದು ಆಡಿಕೊಳ್ಳುತ್ತಾರೆ. ಸರ್ವರ್‌ಗಳಿಗೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಲಿ ಎನ್ನುತ್ತದೆ ಅಂತರರಾಷ್ಟ್ರೀಯ ಮಾರ್ಗಸೂಚಿ. ಹೊರಗಿನ ಗಾಳಿ 45 ಇದ್ದಾಗ ಚಿಲ್ಲರ್‌ಗಳ ಶಕ್ತಿಯೂ ಕುಂದುತ್ತದೆ, ಜನರೇಟರ್‌ಗಳ ಶಕ್ತಿಯೂ ಕುಂದುತ್ತದೆ. ಹೆಚ್ಚು ಬೇಕಾದ ದಿನವೇ ಕಡಿಮೆ ಸಿಗುತ್ತದೆ.

ಒಳನಾಡಿನಲ್ಲಿರುವ, ಚಂಡಮಾರುತದ ಹಾದಿಗೆ ಸಿಗದ ಬೆಂಗಳೂರು ಅಥವಾ ಹೈದರಾಬಾದ್ ವಿಶಾಖಪಟ್ಟಣಕ್ಕೆ ಹೆಚ್ಚು ಒಳ್ಳೆಯ ಜೋಡಿ. ಬೆಂಗಳೂರಿಗೆ ಕೇಬಲ್ ದಾರಿ 1,000 ಕಿ.ಮೀ. ಎಂದುಕೊಂಡರೂ ಹೋಗಿ ಬರಲು 10 ಮಿಲಿಸೆಕೆಂಡ್. ಖರ್ಗೆ-ಲೋಕೇಶ್ ಜಗಳದಲ್ಲಿ ಈ ಸಂಗತಿ ಪ್ರಸ್ತಾಪವಾಗಲೇ ಇಲ್ಲ: ಎರಡು ನಗರಗಳು ಪೈಪೋಟಿಗಿಂತ ಹೆಚ್ಚಾಗಿ ಒಂದನ್ನೊಂದು ಕಾಯಬೇಕಾದವು.

ನಡೆಸುವವರ ಕೆಲಸ

ಕಟ್ಟುವುದು ಎರಡು ಮೂರು ವರ್ಷದ ಕೆಲಸ, ನಡೆಸುವುದು ಇಪ್ಪತ್ತು ವರ್ಷದ್ದು. ಅದು ಸದ್ದಿಲ್ಲದ, ಬೇಸರದ ಕೆಲಸ. ವಾರಕ್ಕೋ ತಿಂಗಳಿಗೋ ಜನರೇಟರ್ ಓಡಿಸಿ ನೋಡುವುದು, ಡೀಸೆಲ್‌ನಲ್ಲಿ ನೀರು ಸೇರಿದೆಯೇ ಎಂದು ಪರೀಕ್ಷಿಸುವುದು, ಕಡಲ ಗಾಳಿಯ ಉಪ್ಪು ಹಿಡಿದ ಫಿಲ್ಟರ್ ಬದಲಿಸುವುದು, ಹಳೆಯ ಬ್ಯಾಟರಿಗಳನ್ನು ಕಾಲಕ್ಕೆ ಸರಿಯಾಗಿ ತೆಗೆಯುವುದು. ದೊಡ್ಡ ಅವಘಡಗಳಿಗೆ ಮುಖ್ಯ ಕಾರಣ ಹ್ಯಾಕರ್‌ಗಳಲ್ಲ, ವಿದ್ಯುತ್ ವ್ಯವಸ್ಥೆಯ ದೋಷಗಳು ಎಂದು ಅಪ್‌ಟೈಮ್ ಇನ್‌ಸ್ಟಿಟ್ಯೂಟ್‌ನ ಸಮೀಕ್ಷೆಗಳು ವರ್ಷ ವರ್ಷ ಹೇಳುತ್ತವೆ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ನಡೆದದ್ದನ್ನು ನೋಡಿ. ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆದಿತ್ತು. ಬೆಂಕಿ ಹೊತ್ತಿತು. 709 ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ಲಕ್ಷಾಂತರ ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದಕ್ಕೆ ಇನ್ನೊಂದು ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶವೊಂದು, ಮಾಡಬೇಕಾದ ಸಾಮಾನ್ಯ ಕೆಲಸವನ್ನು ಮಾಡದೆ ಕೈ ಸುಟ್ಟುಕೊಂಡಿತು.

ಉದ್ಯೋಗದ ಲೆಕ್ಕವನ್ನೂ ಇಲ್ಲೇ ನೋಡೋಣ. ಗೂಗಲ್‌ನ ಅಂಗಸಂಸ್ಥೆ ರೈಡನ್ ಇನ್ಫೋಟೆಕ್‌ನ 87,520 ಕೋಟಿ ರೂ. ಪ್ರಸ್ತಾವಕ್ಕೆ ಅನುಮೋದನೆ ಕೊಡುವಾಗ ಆಂಧ್ರ ಸರ್ಕಾರ, ನೇರ ಮತ್ತು ಪರೋಕ್ಷ ಸೇರಿ ವರ್ಷಕ್ಕೆ ಸರಾಸರಿ 1.88 ಲಕ್ಷ ಉದ್ಯೋಗ ಎಂದಿತು. ಇದರಲ್ಲಿ ಪರೋಕ್ಷ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಓದಬೇಕು. ಕಟ್ಟುವಾಗ ಸಾವಿರಾರು ಕಾರ್ಮಿಕರು, ವೆಲ್ಡರ್‌ಗಳು, ಎಲೆಕ್ಟ್ರಿಷಿಯನ್‌ಗಳು ಬೇಕು ನಿಜ. ಕಟ್ಟಿ ಮುಗಿದ ಮೇಲೆ ಒಳಗೆ ಪಾಳಿಯಲ್ಲಿ ಕೆಲಸ ಮಾಡುವವರ ಸಂಖ್ಯೆ ನೂರುಗಳಲ್ಲಿರುತ್ತದೆ. ಅದೇ 480 ಎಕರೆಯಲ್ಲಿ ಗಾರ್ಮೆಂಟ್ ಕಾರ್ಖಾನೆಗಳಿದ್ದರೆ ಲೆಕ್ಕವೇ ಬೇರೆ. ತರ್ಲುವಾಡದ ರೈತರು ಪರಿಹಾರಕ್ಕಾಗಿ ಪ್ರತಿಭಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದೂ ಇದೇ: ಹೊಲ ಹೋದ ಮೇಲೆ ಆ ಗೇಟಿನೊಳಗೆ ನಮ್ಮ ಮಕ್ಕಳಿಗೆ ಏನು ಕೆಲಸ?

ಹಾಗಾದರೆ ಆಂಧ್ರಕ್ಕೆ ಲಾಭವಿಲ್ಲವೇ? ಇದೆ, ಆದರೆ ಅದು ಕೇಬಲ್‌ನಲ್ಲಿದೆ. ಟ್ರಾಯ್ ಲೆಕ್ಕದಂತೆ 2022ರ ಕೊನೆಗೆ ದೇಶಕ್ಕೆ ಬರುತ್ತಿದ್ದ 17 ಸಮುದ್ರ ಕೇಬಲ್‌ಗಳು ಇಳಿಯುತ್ತಿದ್ದದ್ದು ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರಗಳಲ್ಲಿ ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾಗಿ ಭಾರತದಲ್ಲೂ ಇಂಟರ್‌ನೆಟ್ ನಿಧಾನವಾಗಿತ್ತು. ಪೂರ್ವ ಕರಾವಳಿಯಲ್ಲಿ ಚೆನ್ನೈ ಬಿಟ್ಟು ಇನ್ನೊಂದು ಬಾಗಿಲು ತೆರೆದರೆ ಅದು ಇಡೀ ದೇಶಕ್ಕೆ ಉಪಯೋಗ, ಮತ್ತು ಬಾಗಿಲಿರುವ ಊರಿಗೆ ಇನ್ನಷ್ಟು ಕಂಪನಿಗಳು ತಾವಾಗಿಯೇ ಬರುತ್ತವೆ. ಚೆನ್ನೈಗೆ ಆದದ್ದು ಅದೇ. 22,000 ಕೋಟಿಯನ್ನು ಸಮರ್ಥಿಸುವುದಾದರೆ ಈ ನೆಲೆಯಲ್ಲಿ ಸಮರ್ಥಿಸಬೇಕು, 1.88 ಲಕ್ಷ ಉದ್ಯೋಗದ ನೆಲೆಯಲ್ಲಲ್ಲ.

ಕರ್ನಾಟಕ ಏನು ಕೇಳಬೇಕು

ಬೆಂಗಳೂರು ಗಿಗಾವಾಟ್ ಡೇಟಾ ಸೆಂಟರ್‌ಗೆ ತಕ್ಕ ಊರಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಸಾಲು ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಸಮುದ್ರವೂ ಇಲ್ಲ. ಹಾಗಾಗಿ ಗೂಗಲ್ ಕೈತಪ್ಪಿತು ಎಂಬ ಕೊರಗಿಗಿಂತ, ನಮಗೆ ಯಾವ ಬಗೆಯ ಕೇಂದ್ರ ಬೇಕು ಎಂಬ ಪ್ರಶ್ನೆ ದೊಡ್ಡದು. ಮಂಗಳೂರಿಗೆ ಕೇಬಲ್ ಲ್ಯಾಂಡಿಂಗ್ ಸ್ಟೇಷನ್ ಬೇಕೆಂಬ ಬೇಡಿಕೆ ಇದೆ, ಅದು ನ್ಯಾಯವಾದದ್ದು. ಹಗಲಿನ ಸೌರ ವಿದ್ಯುತ್ ಹೇರಳವಾಗಿರುವ ಪಾವಗಡ, ಬಳ್ಳಾರಿ ಕಡೆ ಬಿಸಿಲಿದೆ, ನೀರಿಲ್ಲ. ಅಲ್ಲಿ ನೀರು ಬಳಸದ ವಿನ್ಯಾಸಕ್ಕೆ ಮಾತ್ರ ಅವಕಾಶ ಎನ್ನಬೇಕಾಗುತ್ತದೆ.

ಬೇರೆ ದೇಶಗಳು ಏನು ಕೇಳುತ್ತಿವೆ ನೋಡಿ. ಐರೋಪ್ಯ ಒಕ್ಕೂಟದಲ್ಲಿ 500 ಕಿಲೋವಾಟ್ ಮೀರಿದ ಡೇಟಾ ಸೆಂಟರ್‌ಗಳು ಎಷ್ಟು ವಿದ್ಯುತ್, ಎಷ್ಟು ನೀರು ಬಳಸಿದವು ಎಂದು ವರದಿ ಮಾಡಬೇಕು. ಜರ್ಮನಿಯ 2023ರ ಕಾನೂನಿನಂತೆ 2026ರ ಜುಲೈನಿಂದ ಆರಂಭವಾಗುವ ಹೊಸ ಕೇಂದ್ರಗಳ ಪಿಯುಇ 1.2 ಮೀರುವಂತಿಲ್ಲ, ಬಿಸಿಯ ಒಂದು ಪಾಲನ್ನು ಮರುಬಳಕೆಗೂ ಕೊಡಬೇಕು. ನಮ್ಮ ಹವೆಗೆ ಅದೇ ಸಂಖ್ಯೆ ಹೊಂದದಿರಬಹುದು. ಹೊಂದುವ ಸಂಖ್ಯೆಯನ್ನು ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳೂ ಐಐಎಸ್‌ಸಿಯೂ ಹೇಳಬಲ್ಲವು.

ಕರ್ನಾಟಕದ ಡೇಟಾ ಸೆಂಟರ್ ನೀತಿಯ ಅವಧಿ 2022ರಿಂದ 2027. ಎಐ ರ್ಯಾಕ್‌ಗಳು ಬರುವ ಮುಂಚೆ, ಮೆಗಾವಾಟ್ ಯುಗದಲ್ಲಿ ಬರೆದ ದಾಖಲೆ ಅದು. ಮುಂದಿನ ನೀತಿಯ ಕರಡು ಸಿದ್ಧವಾಗುವಾಗ ರಿಯಾಯಿತಿಯ ಶೇಕಡಾವಾರು ಎಷ್ಟು ಎಂಬುದರ ಪಕ್ಕದಲ್ಲೇ ಇನ್ನು ಮೂರು ಸಾಲು ಬರೆದರೂ ಸಾಕು: ಕುಡಿಯುವ ನೀರು ಬಳಸಿದರೆ ರಿಯಾಯಿತಿ ಇಲ್ಲ, ರಾತ್ರಿಯ ವಿದ್ಯುತ್ ಎಲ್ಲಿಂದ ಎಂಬುದನ್ನು ಅರ್ಜಿಯಲ್ಲೇ ಹೇಳಬೇಕು, ಪ್ರತಿ ವರ್ಷದ ನೀರು-ವಿದ್ಯುತ್ ಲೆಕ್ಕ ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೂ ಇರಬೇಕು.